ಹೇಳಿದ ಮೇಲೇ ಬೊಟ್ಟು

ಆಡಿ ತಿಂಗಳು, ಎಂದರೆ ಆಷಾಢ, ಅರ್ಧ ಕಳೆಯುವಾಗ ನಾನು ನನ್ನ ಪುಸ್ತಕಗಳ ಪಟ್ಟಿಯ ಮುಂದೆ ನಿಂತು ಎಷ್ಟಾಯಿತು ಎಂದು ನೋಡುತ್ತೇನೆ. ವರ್ಷಕ್ಕೆ ಇಪ್ಪತ್ತನಾಲ್ಕು ಎಂದು ಯುಗಾದಿಯ ದಿನ ಬರೆದು, ಅಡುಗೆಮನೆಯ ಕಪಾಟಿನ ಬಾಗಿಲ ಒಳಗಡೆ ಹಾಲಿನ ಕಾರ್ಡಿನ ಪಕ್ಕ ಅಂಟಿಸಿದ ಒಂದು ಹಾಳೆ ಅದು. ಈ ಸಲ ನೋಡಿದಾಗ ಆರಕ್ಕೆ ಗುರುತು ಬಿದ್ದಿತ್ತು. ಮಗಳು ಕವಿತಾ ಇದೇ ಪಟ್ಟಿಯನ್ನು ತನ್ನ ಫೋನಿನ ಒಂದು ಆಪ್‌ನಲ್ಲೂ ಹಾಕಿಟ್ಟಿದ್ದಾಳೆ. ಶೇಕಡಾ ಎಷ್ಟು ಮುಗಿಯಿತು, ಹಿಂದೆ ಬಿದ್ದಿದ್ದೇನೆಯೋ ಮುಂದಿದ್ದೇನೆಯೋ ಎಂಬುದನ್ನೆಲ್ಲ ಅದೇ ಹೇಳುತ್ತದಂತೆ.

"ಅಮ್ಮಾ, ಮುಗಿಸಿದ ಪುಸ್ತಕ ಅಂತ ಮೇಜಿನ ಮೇಲೆ ಹತ್ತು ಜೋಡಿಸಿದ್ದೀಯ. ಇಲ್ಲಿ ಆರೇ ಟಿಕ್. ನೀನು ಹಿಂದೆ ಬಿದ್ದಿದ್ದೀಯ ಅಂತ ದಿನಾ ಮೆಸೇಜ್ ಬರ್ತೈತೆ."

"ಇನ್ನೂ ನಾಲ್ಕು ಯಾರಿಗೂ ಏಳಿಲ್ಲ ಕಣೇ."

"ಏಳೋದಕ್ಕೂ ಓದೋದಕ್ಕೂ ಎನ್ನ ಸಂಬಂಧಂ?"

ಹೇಳುವುದಕ್ಕೂ ಓದುವುದಕ್ಕೂ ಇರುವ ಸಂಬಂಧವನ್ನು ಅವಳಿಗೆ ಬಿಡಿಸಿ ತೋರಿಸುವುದು ಕಷ್ಟ. ಕೊನೆಯ ಹಾಳೆ ಮಗುಚಿದ ಮಾತ್ರಕ್ಕೆ ನನಗೆ ಪುಸ್ತಕ ಮುಗಿದಂತೆ ಅನ್ನಿಸುವುದಿಲ್ಲ. ಒಲೆಯಿಂದ ಇಳಿಸಿದ ಅನ್ನ ಯಾರ ಎಲೆಗೂ ಬೀಳದೆ ಪಾತ್ರೆಯಲ್ಲೇ ಕುಳಿತ ಹಾಗೆ ಇರುತ್ತದೆ. ಸಂಜೆ ನನ್ನ ಯಜಮಾನರು ಅವರೆಕಾಯಿಯ ನಾರು ತೆಗೆಯುತ್ತ ಕುಳಿತಾಗ, ಪುಸ್ತಕ ತಮಿಳಿನದಿರಲಿ ಕನ್ನಡದ್ದಿರಲಿ, ನಮ್ಮ ಮನೆಮಾತಿನಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಅವರು ಕೇಳುತ್ತಾರೋ ತೂಕಡಿಸುತ್ತಾರೋ, ಹೇಳಿ ಮುಗಿಸಿದ ಮೇಲೆಯೇ ಪೆನ್ನಿಗೆ ಕೈ ಹೋಗುತ್ತದೆ. ಈ ನೇಮ ನಾನು ಮಾಡಿಕೊಂಡದ್ದಲ್ಲ. ತಮಿಳು ಸೀಮೆಯ ಕಂಬೈನಲ್ಲೂರಿನ ಹತ್ತಿರದ ನಮ್ಮ ಕನ್ನಡ ಮಾತಿನ ಮನೆಯಲ್ಲಿ, ಯಾವ ಭಾಷೆಯ ಒಂದಕ್ಷರವನ್ನೂ ಓದಲು ಬಾರದ ನನ್ನ ಅಜ್ಜಿ ಮಾಡಿದ್ದು. ಆ ಮನೆಯಲ್ಲಿ ವರ್ಷದ ಪಟ್ಟಿ ಇದ್ದದ್ದು ಹಾಳೆಯ ಮೇಲಲ್ಲ, ಉಗ್ರಾಣದ ಬಾಗಿಲ ಮೇಲೆ.

ಹೆಂಚಿನ ಮನೆ. ಮುಂದೆ ಉದ್ದ ಜಗುಲಿ, ಒಳಗೆ ನಡುಮನೆ, ಎಡಕ್ಕೆ ಅಡುಗೆಮನೆ, ಬಲಕ್ಕೆ ಉಗ್ರಾಣ. ಉಗ್ರಾಣದಲ್ಲಿ ರಾಗಿ ಮೂಟೆಗಳು, ಬಿತ್ತನೆಗೆ ಇಟ್ಟ ಕಡಲೆಕಾಯಿ, ಹುಣಸೆಹಣ್ಣು ತುಂಬಿದ ದೊಡ್ಡ ಮಣ್ಣಿನ ಗುಡಾಣಗಳು. ಕಾಲಿಟ್ಟರೆ ಸಾಕು, ಹುಣಸೆಯ ಹುಳಿವಾಸನೆಗೆ ಬಾಯಲ್ಲಿ ನೀರು. ಬೇವಿನ ಮರದ ಅದರ ಬಾಗಿಲು ಒಳಮೈಯಲ್ಲಿ ಹೊಗೆ ಹಿಡಿದು ಕಪ್ಪಾಗಿತ್ತು. ಆ ಕಪ್ಪಿನ ಮೇಲೆ ಸಾಲುಸಾಲಾಗಿ ಬೊಟ್ಟುಗಳು. ಒಂದೊಂದು ಸಾಲು ಒಂದೊಂದು ವರ್ಷ, ಸಾಲಿಗೆ ಹನ್ನೆರಡು. ಯುಗಾದಿಯ ದಿನ ಹನ್ನೆರಡನ್ನೂ ಸುಣ್ಣದಲ್ಲಿ ಬಿಳಿಯಾಗಿ ಇಡುವುದು. ಅವ್ವ ಒಂದು ಪುಸ್ತಕ ಓದಿ, ಅದನ್ನು ಅಜ್ಜಿಗೆ ಹೇಳಿ ಒಪ್ಪಿಸಿದ ದಿನ ಒಂದು ಬೊಟ್ಟು ಕೆಂಪಾಗುವುದು. ಕೆಂಪು ಮಾಡುವ ಕೆಲಸ ಅಜ್ಜಿಯದೇ. ಎಲೆಅಡಿಕೆಯ ಸಂಚಿಯಿಂದ ಹಸಿ ಸುಣ್ಣ ತೆಗೆದು ಹಳೆಯ ಬೊಟ್ಟಿಗೆ ಸವರಿ, ಅರಿಶಿನದಲ್ಲಿ ಅದ್ದಿದ ಹೆಬ್ಬೆರಳನ್ನು ಅದರ ಮೇಲೆ ಒತ್ತಿ ತಿರುವುತ್ತಿದ್ದಳು. ಬಿಳಿಯೂ ಅಲ್ಲದ ಹಳದಿಯೂ ಅಲ್ಲದ ಒಂದು ಕೆಂಪು ಅಲ್ಲೇ ಹುಟ್ಟುತ್ತಿತ್ತು. ಎಷ್ಟು ಸಲ ನೋಡಿದರೂ ಅದು ಎಲ್ಲಿಂದ ಬಂತೆಂದು ನಾನು ಅಜ್ಜಿಯ ಬೆರಳನ್ನು ತಿರುಗಿಸಿ ನೋಡುತ್ತಿದ್ದೆ. ನಾನು ಹುಟ್ಟಿದ ವರ್ಷದ ಸಾಲಿನಲ್ಲಿ ಐದೇ ಕೆಂಪು. ಉಳಿದ ಏಳು ಬೊಟ್ಟುಗಳನ್ನು ತೋರಿಸಿ ಅವ್ವ, "ಇವು ನೀನು ತಿಂದಿದ್ದು," ಎನ್ನುತ್ತಿದ್ದಳು.

ಇದು ಶುರುವಾದದ್ದು ಜಗಳದಿಂದ. ನಾನು ಹುಟ್ಟುವ ಮೊದಲಿನ ಮಾತು. ಅವ್ವ ಐದನೇ ಕ್ಲಾಸಿನವರೆಗೆ ತಮಿಳು ಓದಿದವಳು. ಮದುವೆಯಾಗಿ ಬಂದ ಹೊಸದರಲ್ಲಿ ಮಧ್ಯಾಹ್ನದ ಕೆಲಸ ಮುಗಿಸಿ, ಉಗ್ರಾಣದ ಬಾಗಿಲು ಓರೆ ಮಾಡಿಕೊಂಡು, ರಾಗಿ ಮೂಟೆಗೆ ಒರಗಿ, ಹೆಂಚಿನ ನಡುವಿನ ಗಾಜಿನ ಬೆಳಕಲ್ಲಿ ಕಥೆಪುಸ್ತಕ ಓದುತ್ತಿದ್ದಳಂತೆ. ಒಂದು ದಿನ ಅಜ್ಜಿ ಹುಣಸೆಹಣ್ಣಿಗೆಂದು ಹೋದವಳು ಕಂಡುಬಿಟ್ಟಳು. ಆಗ ನಡೆದ ಮಾತನ್ನು ಅವ್ವ ಮುಂದೆ ನನಗೆ ಎಷ್ಟೋ ಸಲ ಅಜ್ಜಿಯ ದನಿಯಲ್ಲೇ ಹೇಳಿ ತೋರಿಸಿದ್ದಾಳೆ.

"ಮೂಲೇಲಿ ಕುಂತು ಒಬ್ಳೇ ತಿನ್ನೋದು ಯಾವ ಊರ ಪದ್ಧತಿ?"

"ನಾನೇನ್ ತಿಂದೆ ಅತ್ತೆ?"

"ತಿನ್ನೋರ ಮುಖ ನಂಗೊತ್ತಾಗಲ್ವಾ? ಒಬ್ಳೇ ನಗ್ತೀಯ, ಒಬ್ಳೇ ಕಣ್ಣು ಒರಸ್ಕೊಂತೀಯ. ಅದೇನೈತೋ ಆಚೆ ತಂದು ಎಲ್ರಿಗೂ ಬಡಿಸು. ಇಲ್ದಿದ್ರೆ ಮುಚ್ಚಿಡು."

ಮೂರು ದಿನ ಮಾತಿಲ್ಲ. ಅಪ್ಪ ಎರಡು ಕಡೆಯೂ ತಲೆ ಆಡಿಸಿ ಹೊಲಕ್ಕೆ ಹೋಗಿಬಿಡುತ್ತಿದ್ದನಂತೆ. ನಾಲ್ಕನೆಯ ದಿನ, ಜಗುಲಿಯಲ್ಲಿ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತ ಕುಳಿತಿದ್ದ ಅಜ್ಜಿಯ ಎದುರು ಅವ್ವ ಪುಸ್ತಕ ತಂದು ಕುಳಿತಳು. ತಮಿಳಿನಲ್ಲಿ ಓದಲು ಹೊರಟರೆ ಅಜ್ಜಿ, "ಅದು ಸಂತೆ ಮಾತು. ಮನೆ ಮಾತಲ್ಲಿ ಏಳು," ಎಂದಳು. ಅವ್ವ ಪುಸ್ತಕ ಮುಚ್ಚಿ ನಮ್ಮ ಕನ್ನಡದಲ್ಲಿ ಹೇಳತೊಡಗಿದಳು. ಸ್ವಲ್ಪ ಹೊತ್ತಿಗೆ ಅಜ್ಜಿಯ ಕೈಯ ಗುಂಡುಕಲ್ಲು ನಿಂತಿತಂತೆ. ಕಥೆ ಮುಗಿದಾಗ ಎದ್ದು ಹೋಗಿ ಉಗ್ರಾಣದ ಬಾಗಿಲಿಗೆ ಒಂದು ಬೊಟ್ಟು ಇಟ್ಟಳು. ತಿಂಗಳಿಗೊಂದು ಎಂದು ಲೈಬ್ರರಿಯಿಂದ ಅಪ್ಪ ತರುವುದು, ಅವ್ವ ಓದುವುದು, ಹೇಳುವುದು, ಹೇಳಿದ ಮೇಲೇ ಬೊಟ್ಟು ಎಂಬ ಕಟ್ಟಲೆ ಅಂದಿನಿಂದ.

ಅಜ್ಜಿ ಸುಮ್ಮನೆ ಕೇಳುವವಳಲ್ಲ. ಒಮ್ಮೆ ಅವ್ವ ಕಥೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುವ ಭಾಗವನ್ನು, ನಾನು ಪಕ್ಕದಲ್ಲಿದ್ದೇನೆಂದು, ಬಿಟ್ಟು ದಾಟಿಸಿದಳು. ಅಜ್ಜಿ ಮರುದಿನ ಕೇಳಿದಳು:

"ಮೊನ್ನೆ ಅವ್ಳ ಕೈ ತುಂಬ ಬಳೆ ಇತ್ತು ಅಂದೆ. ಇವತ್ತು ಬಾವೀಲಿ ನೀರು ಸೇದೋವಾಗ ಸದ್ದೇ ಇಲ್ಲ ಅಂತೀಯ. ನಡುವೆ ಏನಾಯ್ತು?"

ಅವ್ವ ಬಾಯಿ ಬಿಡಬೇಕಾಯಿತು. ಬಿಟ್ಟ ಭಾಗವನ್ನು ಸೇರಿಸಿ ಹೇಳಿದ ಮೇಲೇ ಬೊಟ್ಟು ಕೆಂಪಾದದ್ದು. ಮುದ್ರಣವಾದದ್ದೆಲ್ಲ ಎಲ್ಲೋ ಯಾರಿಗೋ ನಡೆದದ್ದು ಎಂದೇ ಅಜ್ಜಿಯ ನಂಬಿಕೆ. ಕಟ್ಟುಕಥೆ ಎಂಬ ಮಾತು ಅವಳ ಮುಂದೆ ಹೇಳಿದರೆ, ಅಷ್ಟು ದೊಡ್ಡ ಮಿಷನ್ನು ಇಟ್ಟುಕೊಂಡು ಯಾರಾದರೂ ಸುಳ್ಳು ಅಚ್ಚು ಹಾಕುತ್ತಾರಾ ಎನ್ನುತ್ತಿದ್ದಳು.

ಯುಗಾದಿಯ ಹಿಂದಿನ ದಿನ ವರ್ಷದ ಪರೀಕ್ಷೆ. ಮನೆ ಸಾರಿಸಿ, ಗೋಡೆಗೆ ಸುಣ್ಣ ಬಳಿದು, ಒಬ್ಬಟ್ಟಿಗೆ ಬೇಳೆ ನೆನೆಹಾಕಿದ ಮೇಲೆ ಅಜ್ಜಿ ಕೈಕಾಲು ತೊಳೆದು ಉಗ್ರಾಣದ ಒಳಗೆ ಹೋಗಿ ಬಾಗಿಲು ಮುಚ್ಚುತ್ತಿದ್ದಳು. ಬೊಟ್ಟುಗಳು ಕಾಣಬೇಕಾದರೆ ಬಾಗಿಲು ಮುಚ್ಚಲೇಬೇಕು. ನಾವೂ ಒಳಗೆ, ಮೂಟೆಗಳ ಮೇಲೆ. ಅವಳು ಆ ವರ್ಷದ ಸಾಲಿನ ಮೊದಲ ಬೊಟ್ಟಿನ ಮೇಲೆ ಬೆರಳಿಟ್ಟು ಹೇಳಲು ತೊಡಗುವಳು. ಯಾವ ಊರು, ಯಾರ ಮಗಳು, ಮಳೆ ಬಂದದ್ದು ಯಾವ ಸಂಜೆ, ಕೊನೆಗೆ ಏನಾಯಿತು. ನಂತರ ಎರಡನೆಯ ಬೊಟ್ಟು. ಅವ್ವ ಒಮ್ಮೆ ಹೇಳಿದ್ದನ್ನು, ಅದೂ ಹತ್ತು ಹನ್ನೊಂದು ತಿಂಗಳ ಹಿಂದೆ ಹೇಳಿದ್ದನ್ನು, ಅವಳು ಒಂದು ಹೆಸರು ತಪ್ಪದೆ ಒಪ್ಪಿಸುತ್ತಿದ್ದಳು. ಓದಿದವಳಿಗೇ ಮರೆತುಹೋದದ್ದು ಕೇಳಿದವಳ ಬೆರಳ ತುದಿಯಲ್ಲಿತ್ತು. ಒಂದು ಸಲ ಅವ್ವ ಪರೀಕ್ಷಿಸಲೆಂದು ಮೇಲಿನ, ನಾನು ಹುಟ್ಟುವ ಮೊದಲಿನ ಸಾಲೊಂದರ ಏಳನೆಯ ಬೊಟ್ಟು ತೋರಿಸಿದಳು. ಅಜ್ಜಿ ಅದರ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ವೀಳ್ಯದೆಲೆ ಒಂದು ಸಲ ಅಗಿದು, "ಇದು ಆ ಕುಂಟ ಮೇಷ್ಟ್ರದು," ಎಂದು ಶುರು ಮಾಡಿದಳು. ನನಗೆ ಆಗ, ಆ ಬಾಗಿಲಿನ ಮರದೊಳಗೆ ಎಲ್ಲರೂ ಇದ್ದಾರೆ, ಅಜ್ಜಿ ಬೆರಳಿನಿಂದ ತಟ್ಟಿ ಒಬ್ಬೊಬ್ಬರನ್ನೇ ಎಬ್ಬಿಸುತ್ತಾಳೆ ಅನ್ನಿಸಿತ್ತು.

ನಾನು ಅಕ್ಷರ ಕಲಿತ ಮೇಲೆ, ಅವ್ವನ ಕೈ ಕೆಲಸದಲ್ಲಿದ್ದಾಗ ಪುಸ್ತಕ ಹಿಡಿದು ಅಜ್ಜಿಗೆ ಹೇಳುವುದು ನನ್ನ ಪಾಲಿಗೂ ಬಂತು. ಕಣ್ಣು ತಮಿಳಿನ ಮೇಲೆ, ಬಾಯಲ್ಲಿ ಕನ್ನಡ. ಓದುವುದು ಎಂದರೇ ಹೀಗೆ ಎಂದುಕೊಂಡಿದ್ದೆ. ನಾಲ್ಕನೇ ಕ್ಲಾಸಿನಲ್ಲಿ ಒಂದು ದಿನ ಮೇಲಿನಿಂದ ಯಾರೋ ಅಧಿಕಾರಿ ಬಂದು ಕುಳಿತಾಗ ಟೀಚರು ನನ್ನನ್ನು ಎಬ್ಬಿಸಿ ಅಳಿಲಿನ ಪಾಠ ಓದಲು ಹೇಳಿದರು. ನಾನು ಪುಸ್ತಕ ಎತ್ತಿ ಹಿಡಿದು ಒಂದು ಪುಟ ಎಲ್ಲೂ ತಡವರಿಸದೆ ಓದಿದೆ. ಮಕ್ಕಳು ನಗತೊಡಗಿದರು. ಟೀಚರು ನನ್ನ ಕೈಯ ಪುಸ್ತಕ ಇಣುಕಿ ನೋಡಿ, "ಎನ್ನಮ್ಮಾ ಪಡಿಕ್ಕಿರೆ ನೀ?" ಎಂದರು, ಏನಮ್ಮಾ ಓದುತ್ತಿದ್ದೀಯ ನೀನು ಎಂದು. ಅಲ್ಲಿಯವರೆಗೂ ನನ್ನ ಬಾಯಲ್ಲಿ ಬಂದದ್ದು ಅಷ್ಟೂ ಕನ್ನಡ ಎಂಬುದು ನನಗೇ ಗೊತ್ತಿರಲಿಲ್ಲ. ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಅಪ್ಪ ನಗುತ್ತ ನಗುತ್ತ ಇಟ್ಟಿನ ಮುದ್ದೆ ನೆತ್ತಿಗೆ ಹತ್ತಿಸಿಕೊಂಡ. ಅಜ್ಜಿ ನಗಲಿಲ್ಲ. ಅವ್ವನ ಕಡೆ ತಿರುಗಿ ಹೇಳಿದಳು:

"ಕೂಸು ಸರಿಯಾಗೇ ಓದೈತೆ. ಅಲ್ಲಿ ಕೇಳೋರು ಸರಿ ಇಲ್ಲ. ಸರೋಜಾ, ಇವ್ಳಿಗೂ ಬೊಟ್ಟು ಇಕ್ಬೇಕು ಇನ್ಮೇಲೆ."

ನಾನು ಇನ್ನೂ ಚಿಕ್ಕವಳು ಎಂದು ಅವ್ವ ಎರಡು ವರ್ಷ ತಳ್ಳಿದಳು. ಆರನೇ ಕ್ಲಾಸಿಗೆ ಹೋಗುವ ಮುಂಚಿನ ಯುಗಾದಿಗೆ, ಅವ್ವನ ಸಾಲಿನ ಕೆಳಗೆ ನನ್ನ ಹೆಸರಿನಲ್ಲಿ ನಾಲ್ಕು ಬಿಳಿ ಬೊಟ್ಟು ಬಿದ್ದವು. ಆ ವರ್ಷವಿಡೀ ನಾನು ಸ್ಕೂಲಿನಿಂದ ಬಂದ ಕೂಡಲೇ ಚೀಲ ಎಸೆದು ಹೋಗಿ ಅವನ್ನು ಮುಟ್ಟಿ ಬರುತ್ತಿದ್ದೆ. ಪೊಂಗಲ್ ಹೊತ್ತಿಗೆ ಮೂರು ಕೆಂಪಾದವು.

ನಾಲ್ಕನೆಯದಕ್ಕೆ ಅಪ್ಪ ತಂದ ಪುಸ್ತಕ ಹೊರಗಿನಿಂದ ಚೆನ್ನಾಗಿಯೇ ಇತ್ತು. ಲೈಬ್ರರಿಯವರು ಕಂದು ರಟ್ಟು ಕಟ್ಟಿದ್ದರು. ಅಕ್ಕತಂಗಿಯರಿಬ್ಬರ ಕಥೆ. ಒಂದೇ ಬಾವಿಯ ನೀರು ಕುಡಿಯುವವರು ಬಾವಿಯ ಹಗ್ಗದ ವಿಷಯಕ್ಕೆ ಜಗಳವಾಡಿ, ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದೆ ಇರುತ್ತಾರೆ. ಓದುತ್ತ ಓದುತ್ತ ಅಕ್ಕನಿಗೆ ಕಾಯಿಲೆಯಾಗಿ ವಾಸಿಯಾಗುವಲ್ಲಿಗೆ ಬಂದೆ, ಹಾಳೆ ಮಗುಚಿದೆ, ಮುಂದೆ ರಟ್ಟು. ಕೊನೆಯ ಹಾಳೆಗಳನ್ನು ಯಾರೋ ಹರಿದುಕೊಂಡಿದ್ದರು. ಯುಗಾದಿಗೆ ಇನ್ನು ಒಂದು ತಿಂಗಳೂ ಇರಲಿಲ್ಲ. ಅಪ್ಪನಿಗೆ ಮರಗೆಣಸು ಕೀಳುವ ಕಾಲ. ದಿನವೂ ಸೇಲಂನಲ್ಲಿ ಸಾಬಕ್ಕಿ ಮಾಡುವ ಜವ್ವರಿಸಿ ಮಿಲ್ಲಿಗೆ ಲಾರಿ ಹೊರಡಬೇಕು. ಇನ್ನೊಂದು ಪುಸ್ತಕ ತರಲು ಅವನಿಗೆ ಪುರುಸೊತ್ತಿರಲಿಲ್ಲ. ನಾಲ್ಕನೆಯ ಬೊಟ್ಟು ಬಿಳಿಯಾಗಿ ಉಳಿಯುವುದನ್ನು ನನ್ನಿಂದ ನೆನೆಸಿಕೊಳ್ಳಲೂ ಆಗಲಿಲ್ಲ. ಕೊನೆಯನ್ನು ನಾನೇ ಕಟ್ಟಿದೆ.

ಮಧ್ಯಾಹ್ನ, ಜಗುಲಿಯಲ್ಲಿ, ಹುಣಸೆಹಣ್ಣಿನ ರಾಶಿಯ ಎದುರು ಹೇಳಿದೆ. ಅವ್ವ ನೀರಿಗೆ ಹೋಗಿದ್ದಳು. ಅಕ್ಕ ಕಾಯಿಲೆಯಿಂದ ಎದ್ದ ಮೇಲೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ, ಕೈಯಲ್ಲಿ ಏನೂ ಹಿಡಿಯದೆ, ತಂಗಿಯ ಮನೆಗೆ ನಡೆದುಕೊಂಡು ಹೋಗುತ್ತಾಳೆ. ತಂಗಿ ಹೊಸ್ತಿಲ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿರುತ್ತಾಳೆ. ತಲೆ ಎತ್ತುವುದಿಲ್ಲ. ಅಕ್ಕ ಕೆಳಗೆ ಕೂರುತ್ತಾಳೆ. ತಂಗಿ ಮೊರದಲ್ಲಿನ ಸೊಪ್ಪಿನಲ್ಲಿ ಅರ್ಧವನ್ನು ಅವಳ ಕಡೆ ತಳ್ಳುತ್ತಾಳೆ. ಇಬ್ಬರೂ ಬಿಡಿಸುತ್ತಾರೆ. ಅಷ್ಟೇ. ನನಗೆ ಅದಕ್ಕಿಂತ ದೊಡ್ಡದೇನೂ ಹೊಳೆಯಲಿಲ್ಲ.

ಅಜ್ಜಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎದ್ದು ಬೊಟ್ಟು ಕೆಂಪು ಮಾಡಿದಳು. ಆಮೇಲೆ ಎಲೆಅಡಿಕೆ ಹಾಕದೆ ಕೊಟ್ಟಿಗೆಗೆ ಹೋಗಿ ಎಮ್ಮೆಯ ಮೈ ಉಜ್ಜುತ್ತ ನಿಂತಳು. ನಾನು ಪಾರಾದೆ ಎಂದು ಹಿಗ್ಗಿದೆ. ನಾಲ್ಕು ದಿನ ಕಳೆದು, ಬೆಳಗಿನ ಅಂಬಲಿ ಕುಡಿಯುವಾಗ ಅವಳು ಅಪ್ಪನಿಗೆ ಹೇಳಿದಳು:

"ಮೆಟ್ಟೂರ ಕಡೆ ಓಗ್ಬೇಕು. ಚಿನ್ನಿ ಮನೇಗೆ. ಮೊರಪ್ಪೂರಲ್ಲಿ ರೈಲು ಹತ್ಸು ಸಾಕು."

ಅಪ್ಪನ ಚೊಂಬು ಬಾಯಿಯ ಹತ್ತಿರವೇ ನಿಂತಿತು. ಅವ್ವ ನನ್ನ ರಟ್ಟೆ ಹಿಡಿದು ಉಗ್ರಾಣಕ್ಕೆ ಎಳೆದುಕೊಂಡು ಹೋದಳು.

"ಯಾರು ಏಳ್ಕೊಟ್ರು ನಿಂಗೆ?"

"ಏನು?"

"ಅಕ್ಕತಂಗಿ ಕಥೆ. ಸೊಪ್ಪು ಬಿಡ್ಸೋದು. ರಾತ್ರಿಯೆಲ್ಲಾ ಅದೇ ಮಾತು ಆಡ್ಕೊಂತಾರೆ ಅತ್ತೆ. ನಿಜ ಏಳು, ಪುಸ್ತಕದಾಗೆ ಅಂಗೇ ಐತಾ?"

ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಆಗಲೇ ನನಗೆ ಮೊದಲ ಸಲ ಗೊತ್ತಾದದ್ದು: ಅಜ್ಜಿಗೆ ಚಿನ್ನಿ ಎಂಬ ತಂಗಿ ಇದ್ದಾಳೆ, ನಾನು ತೊಟ್ಟಿಲಲ್ಲಿದ್ದಾಗ ಆ ತಂಗಿಯ ಮಗಳ ಮದುವೆಯಲ್ಲಿ ಅಜ್ಜಿ, ಬೀಗರ ಪಂಕ್ತಿಯಲ್ಲೇ ಕುಳಿತು, ಸಾರಿಗೆ ಉಪ್ಪಿಲ್ಲ ಎಂದು ಜೋರಾಗಿ ನಕ್ಕಿದ್ದಳು, ಬೀಗರೂ ನಕ್ಕರು, ಇನ್ನು ನಿನ್ನ ಬಾಯಿಗೆ ನಮ್ಮನೆ ಉಪ್ಪು ಬೇಡ ಎಂದಳು ತಂಗಿ. ಅಂದಿನಿಂದ ಹೋಗಿಬರುವುದಿಲ್ಲ, ಆ ಹೆಸರನ್ನು ನಮ್ಮ ಮನೆಯಲ್ಲಿ ಎತ್ತುವುದಿಲ್ಲ. ಆ ಚಿನ್ನಿ ನಮ್ಮ ಅಜ್ಜಿಗಿಂತ ಹಟಮಾರಿ ಎಂದಳು ಅವ್ವ. ಆ ಊರಿನಲ್ಲಿ, ಎಲ್ಲರ ಎದುರು, ಅವಳು ಬಾಗಿಲು ಹಾಕಿಕೊಂಡರೆ ಅಜ್ಜಿ ಆ ಅವಮಾನವನ್ನು ಹೊತ್ತು ಹೇಗೆ ಹಿಂದಕ್ಕೆ ಬಂದಾಳು? ಎಲ್ಲೋ ನಿಜವಾಗಿ ನಡೆದಿದೆ ಎಂದು ನಂಬಿ ಹೊರಟವಳು ಅವಳು. ನಡೆದದ್ದು ನನ್ನ ತಲೆಯಲ್ಲಿ ಮಾತ್ರ.

"ನೀನೇ ಓಗು ಜತೇಲಿ," ಎಂದಳು ಅವ್ವ. "ಊರು ಸೇರೋದ್ರೊಳ್ಗೆ ನೀನೇ ಬಾಯ್ಬಿಟ್ಟು ಏಳು. ನಾನು ಏಳಿದ್ರೆ ಅದು ಚಾಡಿ ಆಗ್ತೈತೆ."

ಮೊರಪ್ಪೂರಿನಲ್ಲಿ ಅಪ್ಪ ಪ್ಯಾಸೆಂಜರ್ ಹತ್ತಿಸಿದ. ಅಜ್ಜಿ ಕಿಟಕಿಯ ಪಕ್ಕ, ಮಡಿಲಲ್ಲಿ ಸಂಚಿ. ಬೇರೆ ಏನೂ ಇಲ್ಲ. ಹೊರಡುವಾಗ ಅವ್ವ ಕೊಟ್ಟ ಬೆಲ್ಲದ ಪೊಟ್ಟಣವನ್ನೂ ಅವಳು ಜಗುಲಿಯ ಮೇಲೆ ಬಿಟ್ಟು ಬಂದಿದ್ದಳು. ಕೈಯಲ್ಲಿ ಏನೂ ಹಿಡಿಯದೆ ಎಂದು ನಾನು ಹೇಳಿದ್ದೆನಲ್ಲ. ಎರಡು ಸ್ಟೇಷನ್ ದಾಟಿದ ಮೇಲೆ ಹೇಳಿದೆ.

"ಅಜ್ಜಿ, ಆ ಪುಸ್ತಕದಾಗೆ ಕೊನೆ ಹಾಳೆಗ್ಳು ಇರ್ಲಿಲ್ಲ. ಅರ್ದೋಗಿದ್ವು. ನಾನೇ ಕಟ್ಟಿ ಏಳಿದೆ."

ಅಗಿಯುತ್ತಿದ್ದ ದವಡೆ ನಿಂತಿತು. ಹೊರಗೆ ಬಂಡೆ, ತೆಂಗು, ಬಂಡೆ. ಅವಳು ಒಂದೊಂದಾಗಿ ಕೇಳತೊಡಗಿದಳು.

"ಅಕ್ಕ ನಡ್ಕೊಂಡು ತಂಗಿ ಮನೇಗೆ ಓಗಿದ್ದು?"

"ನಾನೇ."

"ತಂಗಿ ಒಸ್ಲು ಮೇಲೆ ಕುಂತಿದ್ದು?"

"ಅದೂ ನಾನೇ ಅಜ್ಜಿ."

"ಸೊಪ್ಪು?"

"ನಾನೇ."

"ಮತ್ತೆ ಜಗಳ?"

"ಜಗಳ ಪುಸ್ತಕದ್ದೇ."

"ಜಗಳ ಮಾತ್ರ ನಿಜ ಅನ್ನು," ಎಂದು ಕಿಟಕಿಯ ಕಡೆ ತಿರುಗಿದಳು. ನಾನು ಅಳುತ್ತ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ಸು ಹೋಗೋಣವಾ ಎಂದೆ. ಅವಳು ಸೆರಗಿನಿಂದ ನನ್ನ ಮೂಗು ಒರೆಸಿದಳು.

"ಸೇಲಂವರ್ಗೂ ಟಿಕೆಟ್ ತಕ್ಕೊಂಡೈತಲ್ಲ. ಸುಮ್ನೆ ಕುಂತ್ಕೋ."

ಅವಳು ಆಗ ಏನು ಯೋಚಿಸಿದಳೋ ನನಗೆ ಇಂದಿಗೂ ತಿಳಿಯದು. ಅಲ್ಲಿಯವರೆಗೆ ಅವಳನ್ನು ನಡೆಸಿಕೊಂಡು ಬಂದದ್ದು ನಡೆದುಹೋದ ಒಂದು ಸಂಗತಿ. ಈಗ ಆ ಸಂಗತಿಯೂ ಇರಲಿಲ್ಲ, ಹನ್ನೊಂದು ವರ್ಷದ ಹುಡುಗಿಯೊಬ್ಬಳ ಬಾಯಿಮಾತು ಮಾತ್ರ ಇತ್ತು. ಆದರೂ ಅವಳು ಸೇಲಂ ಜಂಕ್ಷನ್ನಿನಲ್ಲಿ ಇಳಿದಳು, ಮೆಟ್ಟೂರು ಬಸ್ಸು ಯಾವುದೆಂದು ನನ್ನಿಂದ ಬೋರ್ಡು ಓದಿಸಿದಳು, ಹತ್ತಿದಳು.

ನನ್ನ ಚಿಕ್ಕಜ್ಜಿ ಚಿನ್ನಿ ಹೊಸ್ತಿಲ ಮೇಲೆ ಇರಲಿಲ್ಲ. ಅಂಗಳದಲ್ಲಿ ಕೋಳಿಗೆ ಕಾಳು ಚೆಲ್ಲುತ್ತಿದ್ದಳು. ಅಜ್ಜಿಯನ್ನೇ ತೆಳ್ಳಗೆ ಮಾಡಿ ನಿಲ್ಲಿಸಿದ ಹಾಗಿದ್ದಳು. ನಮ್ಮನ್ನು ನೋಡಿ, ಮೊರವನ್ನು ಅಲ್ಲೇ ಬೋರಲು ಹಾಕಿ, ಒಳಗೆ ಹೋಗಿ ಬಾಗಿಲನ್ನು ಮುಕ್ಕಾಲು ಮುಚ್ಚಿದಳು. ಎದುರುಮನೆಯ ಜಗುಲಿಯಲ್ಲಿ ಇಬ್ಬರು ಹೆಂಗಸರು ಎದ್ದು ನಿಂತರು. ಅಜ್ಜಿ ಅಂಗಳದ ನಡುವೆ, ಬಿಸಿಲಲ್ಲಿ, ಕದಲದೆ ನಿಂತಳು. ನಾನು ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು.

"ಏ ಕೂಸೇ, ಯಾರು ಬಂದವ್ರೆ ಅಂತ ಕೇಳು."

ನಾನು ಅಜ್ಜಿಯ ಮುಖ ನೋಡಿದೆ.

"ಬಾಯಾರೈತೆ ಅಂತ ಏಳು," ಎಂದಳು ಅಜ್ಜಿ.

ಹೇಳಿದೆ. ಚೊಂಬಿನಲ್ಲಿ ನೀರು ಬಂತು, ಕೈ ಮಾತ್ರ ಕಂಡಿತು. ಸ್ವಲ್ಪ ಹೊತ್ತಿಗೆ ಬಾಗಿಲು ಇನ್ನೊಂದು ಗೇಣು ತೆರೆಯಿತು.

"ಬಿಸ್ಲಲ್ಲಿ ನಿಂತು ಯಾರ್ ಮಾನ ಕಳೀತಾರಂತೆ ಕೇಳು. ಒಳಕ್ಕೆ ಬರಾಕೇಳು."

ಒಳಗೆ ಇಬ್ಬರಿಗೂ ಎಲೆ ಹಾಕಿದಳು. ರಾಗಿ ಮುದ್ದೆ, ಸೊಪ್ಪಿನ ಸಾರು. ನಾನು ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದೆ. ಸಾರಿನಲ್ಲಿ ಒಂದು ಕಲ್ಲು ಉಪ್ಪಿರಲಿಲ್ಲ. ಅಜ್ಜಿಯ ಕಡೆ ನೋಡಿದರೆ ಅವಳು ಸಲೀಸಾಗಿ ಮುರಿದು, ಅದ್ದಿ, ನುಂಗುತ್ತಿದ್ದಾಳೆ. ಒಂದು ಮುದ್ದೆ ಮುಗಿಸಿ ಎರಡನೆಯದಕ್ಕೆ ಎಲೆ ಮುಂದಕ್ಕೆ ತಳ್ಳಿದಳು. ಚಿಕ್ಕಜ್ಜಿ ಗೋಡೆಗೆ ಒರಗಿ ನಿಂತು ನೋಡುತ್ತಲೇ ಇದ್ದಳು.

"ಎಂಗೈತೆ ಅಂತ ಕೇಳು ಕೂಸೇ."

"ರುಚಿಯಾಗೈತೆ ಅಂತ ಏಳು. ಇನ್ನೊಂದ್ ಸೌಟು ಬಿಡಾಕೇಳು."

ಚಿಕ್ಕಜ್ಜಿ ಒಳಗೆ ಹೋದಳು. ಉಪ್ಪಿನ ಮರಿಗೆ ತಂದು ಅಜ್ಜಿಯ ಎಲೆಯ ಪಕ್ಕಕ್ಕೆ ಕುಕ್ಕಿದಳು.

"ಸುಳ್ಳು ಬೊಗಳ್ತಾಳೆ ನಿಮ್ಮಜ್ಜಿ. ಬೇಕೂಂತಲೇ ಉಪ್ಪು ಆಕಿಲ್ಲ ನಾನು. ಅದು ಗೊತ್ತಾಗದಷ್ಟು ನಾಲ್ಗೆ ಸತ್ತೋಗೈತಾ ಅಕ್ಕಾ ನಿಂಗೆ?"

"ಗೊತ್ತಾಗದೇ ಏನು," ಎಂದಳು ಅಜ್ಜಿ, ತಲೆ ಎತ್ತದೆ. "ನೀನು ನಿಂತು ನೋಡ್ತಿದ್ಯಲ್ಲ. ತಿಂದೆ."

ಅಕ್ಕಾ ಎಂದಾಗಿಬಿಟ್ಟಿತ್ತು. ಅಲ್ಲಿಂದ ಮುಂದೆ ನನ್ನ ಮೂಲಕ ಮಾತು ಹೋಗಬೇಕಾಗಲಿಲ್ಲ. ನಾವು ಮೂರು ದಿನ ಉಳಿದೆವು. ಇಬ್ಬರೂ ಮುದುಕಿಯರು ಬೆಳಗಿನಿಂದ ಸಂಜೆಯವರೆಗೆ ಜಗಳವಾಡಿದರು, ಕಡಲೆಕಾಯಿ ಸುಲಿಯುತ್ತ, ಬಟ್ಟೆ ಒಗೆಯುತ್ತ, ಒಬ್ಬರ ತಲೆ ಒಬ್ಬರು ಬಾಚುತ್ತ. ನಾನು ಹೇಳಿದ ಕಥೆಯಲ್ಲಿ ಇಷ್ಟೊಂದು ಮಾತು ಇರಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ಕುಳಿತು ನೋಡುತ್ತ, ನಾನು ಕಟ್ಟಿದ್ದು ಎಷ್ಟು ಚಿಕ್ಕದು, ಇಲ್ಲಿ ಆಗುತ್ತಿರುವುದು ಎಷ್ಟು ದೊಡ್ಡದು ಎಂದು ಬೆರಗಾಗುತ್ತಿದ್ದೆ.

ಯುಗಾದಿಗೆ ಚಿಕ್ಕಜ್ಜಿ ನಮ್ಮ ಮನೆಗೆ ಬಂದಳು. ಹಿಂದಿನ ದಿನ ಬೇಳೆ ನೆನೆಹಾಕಿದ ಮೇಲೆ ಎಲ್ಲರೂ ಉಗ್ರಾಣದೊಳಗೆ ಸೇರಿದೆವು. ಅಪ್ಪನೂ ಬಂದು ಮೂಟೆಯ ಮೇಲೆ ಕುಳಿತ. ಅಜ್ಜಿ ಅವ್ವನ ಸಾಲನ್ನು ಹೇಳಿ ಮುಗಿಸಿದಳು. ಆ ವರ್ಷ ಹತ್ತು ಕೆಂಪು, ಎರಡು ಬಿಳಿ. ಚಿಕ್ಕಜ್ಜಿ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಆಮೇಲೆ ನನ್ನದು. ಮೊದಲನೆಯದು, ಎರಡನೆಯದು, ಮೂರನೆಯದು. ನಾನು ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದಳು. ನಾಲ್ಕನೆಯದರ ಮೇಲೆ ಬೆರಳಿಟ್ಟಳು. ಮತ್ತೆ ಹೆಬ್ಬೆರಳನ್ನು ನಾಲಗೆಗೆ ತಾಗಿಸಿ, ಆ ಬೊಟ್ಟನ್ನು ಉಜ್ಜತೊಡಗಿದಳು. ಅಷ್ಟು ವರ್ಷಗಳಲ್ಲಿ ಆ ಬಾಗಿಲಿನಿಂದ ಒಂದು ಬೊಟ್ಟನ್ನೂ ಯಾರೂ ಅಳಿಸಿರಲಿಲ್ಲ.

"ಇದು ಓದಿದ್ದಲ್ಲ."

"ಬಿಡಿ ಅತ್ತೆ," ಎಂದಳು ಅವ್ವ. "ಅವ್ಳು ಅಂಗೆ ಏಳಿದ್ರಿಂದ ತಾನೆ ಇವತ್ತು ಚಿಕ್ಕತ್ತೆ ಇಲ್ಲಿ ಕುಂತಿರೋದು?"

"ಇರ್ಲಿ ಬಿಡಕ್ಕಾ, ಕೂಸು ಪಾಪ," ಎಂದಳು ಚಿಕ್ಕಜ್ಜಿಯೂ.

"ಅದು ಬೇರೆ. ಅದನ್ನ ಬ್ಯಾಡ ಅಂತ ಯಾರು ಅಂದ್ರು? ಈ ಬಾಗ್ಲು ಓದಿದ್ದಕ್ಕೆ ಮಾತ್ರ."

ಕೆಂಪು ಹೋಗಿ, ಅದರಡಿಯ ಬಿಳಿಯೂ ಹೋಗಿ, ಬೇವಿನ ಮರದ ಬರಿ ಮೈ ಕಾಣುವವರೆಗೆ ಉಜ್ಜಿದಳು. ನಾನು ಅಳಬಾರದೆಂದು ತುಟಿ ಕಚ್ಚಿಕೊಂಡಿದ್ದೆ. ಉಜ್ಜಿ ಮುಗಿದ ಮೇಲೆ ಅವಳ ಹೆಬ್ಬೆರಳ ತುಂಬ ಕೆಂಪು ಉಳಿದಿತ್ತು. ಅದನ್ನು ಎಲ್ಲಿ ಒರೆಸುವುದೆಂದು ಒಂದು ಗಳಿಗೆ ಸುತ್ತ ನೋಡಿದಳು. ಹಬ್ಬಕ್ಕೆಂದು ಉಟ್ಟ ಸೀರೆ, ಆಗಷ್ಟೇ ಸುಣ್ಣ ಬಳಿದ ಗೋಡೆ. ನನ್ನ ಗದ್ದ ಹಿಡಿದು ಮುಖ ಮೇಲಕ್ಕೆತ್ತಿ, ಆ ಬೆರಳನ್ನು ನನ್ನ ಹಣೆಯ ಮೇಲೆ ಒತ್ತಿ, ನಿಧಾನವಾಗಿ ಒಂದು ಸುತ್ತು ತಿರುವಿದಳು.

"ಓಗು ಮಗಾ," ಎಂದಳು. "ಕತ್ಲಾಗೋದ್ರೊಳ್ಗೆ ಬೇವಿನ ಸೊಪ್ಪು ಕಿತ್ಕೊಂಡು ಬಾ."